ಮೂವತ್ತೊಂದು ವರ್ಷ ಮಗ್ಗದ ಸದ್ದು ಕೇಳಿದ ಕಿವಿ: "ವಯೋಸಹಜ" ಎಂದು ಬರೆದರೆ ಮುಗಿಯಿತೇ?

ಲಾಳಿಕೇರಿ

ನಮ್ಮ ತಂದೆಗೆ ಈಗ 58 ವರ್ಷ. ಅದರಲ್ಲಿ 31 ವರ್ಷ ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗಗಳ ಮುಂದೆ ಕಳೆದಿವೆ. ಈಗಲೂ ದಿನಕ್ಕೆ ಹನ್ನೆರಡು ಗಂಟೆ ಎರಡು ಮಗ್ಗ ನೋಡಿಕೊಳ್ಳುತ್ತಾರೆ. ಅವರಿಗೆ ಕಿವಿ ಕೇಳಿಸುವುದಿಲ್ಲ ಎಂದರೆ ತಪ್ಪಾಗುತ್ತದೆ, ಏಕೆಂದರೆ ಪಕ್ಕದ ಮನೆಯ ಬಾಗಿಲು ಬಡಿದದ್ದೂ ಬೀದಿಯಲ್ಲಿ ಲಾರಿ ಹೋದದ್ದೂ ಅವರಿಗೆ ತಿಳಿಯುತ್ತದೆ. ತಿಳಿಯದಿರುವುದು ಮಾತು. ಅಮ್ಮ ಅಡುಗೆಮನೆಯಿಂದ "ಹಾಲು ತಂದ್ರಾ?" ಎಂದು ಕೇಳಿದರೆ ಅವರು ಹೊರಗಿನಿಂದ "ಯಾವ ಸಾಲ? ಯಾರ ಹತ್ರ?" ಎಂದು ರೇಗುತ್ತಾರೆ. ಫೋನಿನಲ್ಲಿ ಯಾರು ಏನೇ ಹೇಳಿದರೂ "ಹೂಂ, ಆಯ್ತು" ಎನ್ನುವುದು ರೂಢಿಯಾಗಿದೆ. ಈ "ಹೂಂ, ಆಯ್ತು"ವಿನಿಂದಾಗಿ ತಂಗಿಯನ್ನು ನೋಡಲು ಬರುವವರ ದಿನವೇ ಒಮ್ಮೆ ತಪ್ಪಿಹೋಯಿತು.

ಕಳೆದ ತಿಂಗಳು ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋಗಿದ್ದೆ. ವೈದ್ಯರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿದರು. ಗುಗ್ಗೆ ಕಟ್ಟಿಲ್ಲ, ತಮಟೆ ಸರಿಯಾಗಿದೆ ಎಂದರು. ಚೀಟಿಯಲ್ಲಿ "ವಯೋಸಹಜ" ಎಂದು ಬರೆದರು. ಏನು ಕೆಲಸ ಮಾಡುತ್ತೀರಿ ಎಂದು ಮಾತ್ರ ಕೇಳಲಿಲ್ಲ.

ಕೆಲಸದ ಜಾಗದ ಸುರಕ್ಷತೆ, ಆರೋಗ್ಯಗಳ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ಸರ್ಕಾರಿ ಸಂಸ್ಥೆ ನಿಯೋಶ್ ಉಚಿತವಾಗಿ ಕೊಡುವ ಶಬ್ದಮಾಪಕ ಆ್ಯಪ್ ಒಂದಿದೆ. ಅದು ಐಫೋನಿನಲ್ಲಿ ಮಾತ್ರ ಸಿಗುತ್ತದೆ, ನಮ್ಮ ಕೇರಿಯವರ ಜೇಬಿನಲ್ಲಿರುವ ಫೋನುಗಳಲ್ಲಿ ಸಿಗುವುದಿಲ್ಲ. ಗೆಳೆಯನ ಫೋನನ್ನು ಎರವಲು ಪಡೆದು ಎಂಟು ಮಗ್ಗಗಳ ಶೆಡ್ಡಿನಲ್ಲಿ ಅಪ್ಪ ನಿಲ್ಲುವ ಜಾಗದಲ್ಲೇ ಹತ್ತು ನಿಮಿಷ ಹಿಡಿದೆ. ಸರಾಸರಿ 97 ಡೆಸಿಬೆಲ್ ತೋರಿಸಿತು. ಇಷ್ಟು ಸದ್ದಿನಲ್ಲಿ ಕೆಲಸ ಮಾಡಿದವರ ಕಿವಿ ಹೋದರೆ ಅದು ಯಾರ ಲೆಕ್ಕಕ್ಕೆ ಸೇರುತ್ತದೆ? ಅದನ್ನು ಉದ್ಯೋಗದಿಂದ ಬಂದದ್ದು ಎಂದು ತೋರಿಸುವ ದಾರಿ ಇದೆಯೇ? ತಿಳಿದವರು ದಯವಿಟ್ಟು ಬರೆಯಿರಿ.

ಶ್ರವಣ ಪರೀಕ್ಷಕಿ

ನಾನು ಕಿವಿ ಪರೀಕ್ಷೆಯನ್ನೇ ವೃತ್ತಿಯಾಗಿ ಮಾಡುವವಳು. ನಿಮ್ಮ ಹಾಲು–ಸಾಲದ ಪ್ರಸಂಗವನ್ನು ಓದುತ್ತಲೇ ಅರ್ಧ ಆಡಿಯೋಗ್ರಾಮ್ (ಗಡಸಿನಿಂದ ಕೀರಲಿನವರೆಗೆ ಯಾವ ಆವರ್ತನದ ಸದ್ದು ಎಷ್ಟು ಕೇಳಿಸುತ್ತದೆ ಎಂದು ತೋರಿಸುವ ರೇಖೆ) ಕಣ್ಣ ಮುಂದೆ ಬಂತು. ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಕಾಕ್ಲಿಯಾ ಇದೆ. ಅದರೊಳಗೆ ಒಂದು ಕಿವಿಗೆ ಸುಮಾರು ಹದಿನೈದು ಸಾವಿರ ರೋಮಕೋಶಗಳಿರುತ್ತವೆ. ಅತಿಯಾದ ಸದ್ದು ಮೊದಲು ಅವುಗಳನ್ನು ದಣಿಸುತ್ತದೆ. ಪಾಳಿ ಮುಗಿಸಿ ಹೊರಬಂದಾಗ ಕಿವಿಗೆ ಹತ್ತಿ ತುರುಕಿದಂತೆ ಆಗುವುದು, ಗುಂಯ್ ಎನ್ನುವುದು, ಬೆಳಗಾಗುವಷ್ಟರಲ್ಲಿ ಸರಿಹೋಗುವುದು ಈ ಹಂತ. ದಣಿವು ಆರುವ ಮುನ್ನವೇ ಮರುದಿನದ ಸದ್ದು ಬಿದ್ದು, ಹೀಗೇ ವರ್ಷಗಟ್ಟಲೆ ನಡೆದರೆ ಕೋಶಗಳು ಸಾಯುತ್ತವೆ. ಮನುಷ್ಯರಲ್ಲಿ ಅವು ಮತ್ತೆ ಹುಟ್ಟುವುದಿಲ್ಲ.

ಸಾಯುವುದರಲ್ಲೂ ಒಂದು ಕ್ರಮವಿದೆ. ಸಾಮಾನ್ಯವಾಗಿ 4,000 ಹರ್ಟ್ಸ್ ಆಸುಪಾಸಿನ ಧ್ವನಿಯನ್ನು ಹಿಡಿಯುವ ಕೋಶಗಳು ಮೊದಲು ಹೋಗುತ್ತವೆ. ಅ, ಆ, ಓ ಮುಂತಾದ ಸ್ವರಗಳ ಬಲವೆಲ್ಲ ಕೆಳಗಿನ ಆವರ್ತನಗಳಲ್ಲಿರುವುದರಿಂದ ಅವು ಕೇಳಿಸುತ್ತಲೇ ಇರುತ್ತವೆ. ಸ, ಶ, ತ, ಕ, ಹ ಮುಂತಾದ ವ್ಯಂಜನಗಳ ಗುರುತು ಮೇಲಿನ ಆವರ್ತನಗಳಲ್ಲಿದೆ. ಹಾಗಾಗಿ ಹಾಲು, ಸಾಲು, ಕಾಲು, ಪಾಲು ಎಲ್ಲವೂ ಒಂದೇ "ಆಲು" ಆಗಿಬಿಡುತ್ತವೆ, ಉಳಿದದ್ದನ್ನು ಅವರು ಸಂದರ್ಭ ನೋಡಿ ಊಹಿಸಿಕೊಳ್ಳುತ್ತಾರೆ. ಲಾರಿ ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ ಎಂಬುದರ ಗುಟ್ಟು ಇಷ್ಟೇ. ಮನೆಯವರು "ಬೇಕಾದ್ದು ಮಾತ್ರ ಕೇಳಿಸುತ್ತದೆ" ಎಂದು ಆಡಿಕೊಳ್ಳುವುದೂ ಇದರಿಂದಲೇ.

ಈಗ ವಯಸ್ಸಿನ ಪ್ರಶ್ನೆ. ವಯಸ್ಸಿನಿಂದ ಬರುವ ಇಳಿಕೆಯಲ್ಲಿ ರೇಖೆ ಮೇಲಿನ ಆವರ್ತನಗಳತ್ತ ಒಂದೇ ಸಮನೆ ಜಾರುತ್ತಾ ಹೋಗಿ 8,000ದಲ್ಲಿ ಅತ್ಯಂತ ಕೆಳಗಿರುತ್ತದೆ. ಸದ್ದಿನಿಂದ ಆದದ್ದಾದರೆ 4,000ದ ಹತ್ತಿರ ಗುಂಡಿ ಬಿದ್ದು, 8,000ಕ್ಕೆ ಬರುವಾಗ ಸ್ವಲ್ಪ ಮೇಲೇಳುತ್ತದೆ. ಆದರೆ ದಶಕಗಳು ಕಳೆದ ಮೇಲೆ ಎರಡೂ ಬೆರೆತು ಗುಂಡಿ ಅಳಿಸಿಹೋಗಬಹುದು. ಆದ್ದರಿಂದಲೇ ಕೆಲಸಕ್ಕೆ ಸೇರುವಾಗ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಪರೀಕ್ಷೆ ಆಗಿರಬೇಕು ಎಂದು ನಾವು ಒತ್ತಾಯಿಸುವುದು. 58ರಲ್ಲಿ ಮೊದಲ ಬಾರಿ ಬಂದವರ ಕಾಗದ ಅವರ ಪರವಾಗಿ ಗಟ್ಟಿಯಾಗಿ ಮಾತಾಡುವುದಿಲ್ಲ.

ತಂದೆಯವರಿಗೆ ಈ ರೇಖೆಯನ್ನು ಕೊಡುವ ಪ್ಯೂರ್ ಟೋನ್ ಪರೀಕ್ಷೆ ಮಾಡಿಸಿ. ಪರೀಕ್ಷೆಗೆ ಮುಂಚೆ ಕನಿಷ್ಠ 14 ಗಂಟೆ ಮಗ್ಗದ ಸದ್ದು ಬೀಳಬಾರದು, ಆದ್ದರಿಂದ ರಜೆಯ ಮರುದಿನ ಬೆಳಿಗ್ಗೆ ಪಾಳಿಗೆ ಹೋಗುವ ಮುನ್ನ ಮಾಡಿಸಿದರೆ ಒಳ್ಳೆಯದು. ಜಿಲ್ಲಾ ಆಸ್ಪತ್ರೆಯ ಕಿವಿ–ಮೂಗು–ಗಂಟಲು ವಿಭಾಗದಲ್ಲಿ ವಿಚಾರಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೂ ಹೋಗಬಹುದು.

ಪಾಳಿ ನಂ. 2

ನಾನು ಲೋಹ ಬಡಿದು ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಸುರಕ್ಷತಾ ಅಧಿಕಾರಿಯಾಗಿದ್ದವನು. ಕಾನೂನಿನ ಭಾಗವನ್ನು ಬರೆಯುತ್ತೇನೆ.

ನಮ್ಮ ಕಾರ್ಖಾನೆ ನಿಯಮಗಳ ಪ್ರಕಾರ ಎಂಟು ಗಂಟೆಗೆ ಮಿತಿ 90 ಡೆಸಿಬೆಲ್. ಅಲ್ಲಿಂದ ಪ್ರತಿ 5 ಡೆಸಿಬೆಲ್ ಏರಿದಾಗಲೂ ಸಮಯ ಅರ್ಧಕ್ಕಿಳಿಯುತ್ತದೆ: 95ಕ್ಕೆ ನಾಲ್ಕು ಗಂಟೆ, 100ಕ್ಕೆ ಎರಡು ಗಂಟೆ, 115ಕ್ಕೆ ಕಾಲು ಗಂಟೆ. ಈ ಲೆಕ್ಕದಲ್ಲಿ 97 ಡೆಸಿಬೆಲ್ ಸದ್ದಿನಲ್ಲಿ ಒಬ್ಬ ಮನುಷ್ಯ ಸುಮಾರು ಮೂರು ಗಂಟೆ ಇರಬಹುದು. ನಿಮ್ಮ ತಂದೆ ಹನ್ನೆರಡು ಗಂಟೆ ಇರುತ್ತಾರೆ, ಅಂದರೆ ನಾಲ್ಕು ಪಟ್ಟು. ನಿಯೋಶ್ ಇನ್ನೂ ಕಟ್ಟುನಿಟ್ಟಾದ ಲೆಕ್ಕವನ್ನು ಶಿಫಾರಸು ಮಾಡುತ್ತದೆ: ಎಂಟು ಗಂಟೆಗೆ 85, ಪ್ರತಿ 3 ಡೆಸಿಬೆಲ್‌ಗೆ ಸಮಯ ಅರ್ಧ. ಅದರ ಪ್ರಕಾರ 97ಕ್ಕೆ ಸಿಗುವುದು ಅರ್ಧ ಗಂಟೆ ಮಾತ್ರ. 3 ಡೆಸಿಬೆಲ್ ಏರಿದರೆ ಸದ್ದಿನ ಶಕ್ತಿ ದುಪ್ಪಟ್ಟಾಗುತ್ತದೆ ಎಂಬ ಭೌತಶಾಸ್ತ್ರಕ್ಕೆ ಈ ಎರಡನೆಯ ಲೆಕ್ಕವೇ ಹತ್ತಿರ. ನಮ್ಮ 5ರ ಲೆಕ್ಕ ಕಾರ್ಖಾನೆಯವರ ಮೇಲೆ ಸ್ವಲ್ಪ ಪ್ರೀತಿ ಇಟ್ಟುಕೊಂಡೇ ಹಾಕಿದ್ದು ಎಂಬುದು ನನ್ನ ಅಭಿಪ್ರಾಯ.

1948ರ ಕಾರ್ಖಾನೆ ಕಾಯ್ದೆಯ ಮೂರನೆಯ ಅನುಸೂಚಿಯಲ್ಲಿ ಸದ್ದಿನಿಂದಾಗುವ ಶ್ರವಣ ನಷ್ಟ ಇತ್ತು, ಮತ್ತು 89ನೆಯ ಕಲಮಿನ ಪ್ರಕಾರ ಅಂಥ ರೋಗಿಯನ್ನು ಕಂಡ ವೈದ್ಯರು ಮುಖ್ಯ ಕಾರ್ಖಾನೆ ನಿರೀಕ್ಷಕರಿಗೆ ಬರೆದು ತಿಳಿಸಬೇಕಿತ್ತು. 2025ರಲ್ಲಿ ಆ ಕಾಯ್ದೆಯ ಜಾಗಕ್ಕೆ ಬಂದ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯ ಪಟ್ಟಿಯಲ್ಲೂ ಈ ಕಾಯಿಲೆ ಮುಂದುವರಿದಿದೆ. 2025ರವರೆಗೆ ಜಾರಿಯಲ್ಲಿದ್ದ 1923ರ ಪರಿಹಾರ ಕಾಯ್ದೆ ಮತ್ತು ಇಎಸ್‌ಐ (ನೌಕರರ ರಾಜ್ಯ ವಿಮಾ) ಕಾಯ್ದೆಗಳೂ ಇದನ್ನು ಔದ್ಯೋಗಿಕ ಕಾಯಿಲೆ ಎಂದು ಹೆಸರಿಸಿದ್ದವು. ಕಾಗದದಲ್ಲಿ ಎಲ್ಲವೂ ಇದೆ. ಆದರೆ ಈ ನಷ್ಟಕ್ಕೆ ದೇಶದಲ್ಲಿ ಮೊದಲ ಪರಿಹಾರ ಸಿಕ್ಕಿದ್ದು 1996ರಲ್ಲಿ. ಸುಮಾರು ಅರ್ಧ ಶತಮಾನ ಆ ಸಾಲು ಪುಸ್ತಕದಲ್ಲಿ ಸುಮ್ಮನೆ ಕುಳಿತಿತ್ತು.

ನಿಮ್ಮ ತಂದೆಯವರ ವಿಷಯದಲ್ಲಿ ನಿಜವಾದ ತೊಡಕು ಬೇರೆ. ಹಳೆಯ ಕಾಯ್ದೆಯಲ್ಲಿ ವಿದ್ಯುತ್ ಬಳಸುವ ಕಡೆ ಹತ್ತು ಜನ ಕೆಲಸ ಮಾಡಿದರೆ ಅದು "ಕಾರ್ಖಾನೆ" ಆಗುತ್ತಿತ್ತು, ಹೊಸ ಸಂಹಿತೆಯಲ್ಲಿ ಅದು ಇಪ್ಪತ್ತಕ್ಕೆ ಏರಿದೆ. ಎಂಟು ಮಗ್ಗದ ಶೆಡ್ಡಿನಲ್ಲಿ ಇರುವವರು ನಾಲ್ಕೈದು ಜನ.

ಎಂಟು ಮಗ್ಗ

ನಾನೂ ಎಂಟು ಮಗ್ಗದ ಮಾಲೀಕನೇ. ನನ್ನ ತಂದೆ ಕೂಲಿ ನೇಯ್ದವರು, ನಾನು ಸಾಲ ಮಾಡಿ ಮಗ್ಗ ಹಾಕಿದವನು. ಆದ್ದರಿಂದ "ಮಾಲೀಕ" ಎಂಬ ಪದ ಕೇಳಿ ದೊಡ್ಡ ಬಂಗಲೆಯನ್ನು ಊಹಿಸಿಕೊಳ್ಳಬೇಡಿ. ನಾಲ್ಕು ಜನ ಕೆಲಸದವರು, ಐದನೆಯವನು ನಾನು. ಸದ್ದು ನನ್ನ ಕಿವಿಗೂ ಅಷ್ಟೇ ಬೀಳುತ್ತದೆ.

ನಾನು ಇಯರ್‌ಪ್ಲಗ್ ತಂದುಕೊಡಲಿಲ್ಲ ಎಂದು ಯಾರೂ ಹೇಳುವ ಹಾಗಿಲ್ಲ. ಎರಡು ಸಲ ತಂದೆ. ಒಂದು ವಾರ ಹಾಕಿಕೊಂಡರು, ಆಮೇಲೆ ಕಿಟಕಿಯ ಮೇಲೆ ಧೂಳು ತಿನ್ನುತ್ತಾ ಬಿದ್ದವು. ಬೆವರಿಗೆ ತುರಿಸುತ್ತದೆ ಎನ್ನುತ್ತಾರೆ. ಅದಕ್ಕಿಂತ ದೊಡ್ಡ ಕಾರಣ ಇದು: ನೇಕಾರ ಮಗ್ಗವನ್ನು ಕಣ್ಣಿಂದ ನೋಡುವುದಕ್ಕಿಂತ ಹೆಚ್ಚಾಗಿ ಕಿವಿಯಿಂದ ನೋಡುತ್ತಾನೆ. ಲಾಳಿ ಪೆಟ್ಟಿಗೆಗೆ ಸರಿಯಾಗಿ ಕೂರದಿದ್ದರೆ ಪೆಟ್ಟಿನ ನಾದ ಬದಲಾಗುತ್ತದೆ. ಬೆನ್ನ ಹಿಂದಿರುವ ಮಗ್ಗದಲ್ಲಿ ಕಂಡಿಕೆ (ಲಾಳಿಯೊಳಗಿನ ನೂಲಿನ ಸುರುಳಿ) ಮುಗಿದದ್ದು, ನೂಲು ಕಡಿದದ್ದು ಸದ್ದಿನಲ್ಲೇ ಗೊತ್ತಾಗಬೇಕು. ಗೊತ್ತಾಗದೆ ಎರಡು ಗೇಣು ಬಟ್ಟೆ ಕೆಟ್ಟರೆ ಅವರ ಕೂಲಿ ಹೋಗುತ್ತದೆ, ನನ್ನ ಸೀರೆಯೂ ಹೋಗುತ್ತದೆ. ಇದಕ್ಕೆ ತಜ್ಞರು ಏನು ಹೇಳುತ್ತಾರೆ?

ಬನಹಟ್ಟಿಯ ಮಗಳು

ಮಾಲೀಕರು, ಕೆಲಸದವರು ಎಂದು ಎರಡೇ ಪಕ್ಷ ಇಲ್ಲಿ ಕಾಣುತ್ತಿದೆ. ನಮ್ಮ ರಬಕವಿ–ಬನಹಟ್ಟಿ ಭಾಗದಲ್ಲಿ ಎಷ್ಟೋ ಮನೆಗಳಲ್ಲಿ ಮುಂದಿನ ಅಂಕಣದಲ್ಲಿ ಮಗ್ಗ, ಹಿಂದಿನ ಅಂಕಣದಲ್ಲಿ ಒಲೆ. ನಮ್ಮ ಅವ್ವ ಯಾವ ಹಾಜರಿ ಪುಸ್ತಕದಲ್ಲೂ ಇಲ್ಲ. ಮದುವೆಯಾಗಿ ಬಂದ ದಿನದಿಂದ ಕಂಡಿಕೆ ಸುತ್ತಿದ್ದಾಳೆ, ಅಪ್ಪ ಊಟಕ್ಕೆ ಕೂತಾಗ ಮಗ್ಗ ನೋಡಿದ್ದಾಳೆ, ಮಗ್ಗದ ಸದ್ದಿನಲ್ಲೇ ನಮ್ಮನ್ನು ತೊಟ್ಟಿಲಿಗೆ ಹಾಕಿದ್ದಾಳೆ. ಶಬ್ದ ಮಾಲಿನ್ಯದ 2000ದ ನಿಯಮಗಳು ವಾಸದ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಎಂದು ಹೇಳುತ್ತವೆ. ವಾಸದ ಮನೆಯೊಳಗೇ ಮಗ್ಗ ಇದ್ದರೆ ದೂರು ಕೊಡುವುದು ಯಾರ ಮೇಲೆ, ಗಂಡನ ಮೇಲೆಯೇ?

ನಮ್ಮ ಮನೆಯಲ್ಲಿ ಮಾತಿಗಿಂತ ಕೈಸನ್ನೆ ಹೆಚ್ಚು. ಅವ್ವ ಬೆರಳು ಮಡಚಿ ಬಾಯಿಯ ಹತ್ತಿರ ತಂದರೆ ಊಟ, ಎರಡು ಬೆರಳು ತಿರುಗಿಸಿದರೆ ಕಂಡಿಕೆ ತಾ ಎಂದು. ಚಿಕ್ಕವಳಿದ್ದಾಗ ಎಲ್ಲರ ಮನೆಯೂ ಹೀಗೇ ಎಂದುಕೊಂಡಿದ್ದೆ. ಧಾರವಾಡಕ್ಕೆ ಓದಲು ಹೋದಾಗ ಹಾಸ್ಟೆಲಿನ ಗೆಳತಿಯರು "ನೀ ಯಾಕ ಇಷ್ಟ ಒದರ್ತಿ?" ಎಂದು ಕೇಳಿದ ಮೇಲೆ ನನ್ನ ದನಿಯೇ ನನಗೆ ಮೊದಲ ಸಲ ಕೇಳಿಸಿತು. ಈಗ ಅವ್ವನಿಗೆ ರಾತ್ರಿ ಮಗ್ಗ ನಿಂತ ಮೇಲೂ ಕಿವಿಯಲ್ಲಿ ಜೀರುಂಡೆ ಕೂಗಿದ ಹಾಗೆ ಆಗುತ್ತದೆ, ನಿದ್ದೆ ಹತ್ತುವುದಿಲ್ಲ. ಓಣಿಯಲ್ಲಿ ಅವಳಿಗೆ "ಕೆಪ್ಪಿ" ಎಂಬ ಹೆಸರು ಬಿದ್ದಿದೆ. ಕಣ್ಣು ಮಂಜಾದವರಿಗೆ ಕನ್ನಡಕ ತಂದುಕೊಡುವ ಜನ ಕಿವಿ ಮಂದವಾದವರನ್ನು ನಗುತ್ತಾರೆ. ಅದಕ್ಕೇ ಅವ್ವ ಮದುವೆ ಮನೆಗಳಿಗೆ ಹೋಗುವುದನ್ನೇ ಬಿಟ್ಟಿದ್ದಾಳೆ.

ಬೋಲ್ಟನ್‌ನಿಂದ

ನಾನು ಇಂಗ್ಲೆಂಡಿನ ಲಂಕಾಶೈರ್ ಕಡೆ ಬಂದು ಹದಿನಾಲ್ಕು ವರ್ಷವಾಯಿತು. ಬನಹಟ್ಟಿಯವರ ಕೈಸನ್ನೆಯ ಮಾತು ಓದಿ ಬರೆಯಬೇಕೆನಿಸಿತು. ಇಲ್ಲಿಯ ಹತ್ತಿ ಗಿರಣಿಗಳಲ್ಲಿ ಮಗ್ಗದ ಸದ್ದಿನಲ್ಲಿ ದನಿ ಕೇಳಿಸದೆ, ಹೆಂಗಸರು ತುಟಿಗಳನ್ನು ಅಗಲಿಸಿ, ಮುಖ ಕೈಗಳನ್ನು ಆಡಿಸಿ ಮಾತಾಡುವ ಪದ್ಧತಿಯನ್ನೇ ಬೆಳೆಸಿಕೊಂಡಿದ್ದರು. ಅದಕ್ಕೆ "ಮೀ–ಮಾ" ಎಂದು ಹೆಸರು. ಗಿರಣಿಗಳು ಮುಚ್ಚಿವೆ, ಕಟ್ಟಡಗಳು ವಸತಿಗೃಹಗಳಾಗಿವೆ. ಆದರೂ ಹಳಬರು ಈಗಲೂ ಎದುರಿನವರ ತುಟಿ ನೋಡುತ್ತಾರೆ.

ಈ ದೇಶಕ್ಕೆ ವಿಷಯ ತಿಳಿದು ಬಹಳ ಕಾಲವಾಯಿತು. ಗ್ಲಾಸ್ಗೋದ ವೈದ್ಯ ಥಾಮಸ್ ಬಾರ್ ಬಾಯ್ಲರ್ ತಯಾರಿಸುವ ಕೆಲಸಗಾರರ ಕಿವಿಗಳನ್ನು ಪರೀಕ್ಷಿಸಿ 1886ರಲ್ಲೇ ಪ್ರಕಟಿಸಿದ್ದ. ಸ್ಕಾಟ್ಲೆಂಡಿನ ಡಂಡಿಯಲ್ಲಿ ಸೆಣಬು ನೇಯುವ ಹೆಂಗಸರ ಶ್ರವಣದ ಅಧ್ಯಯನ 1965ರಲ್ಲಿ ಹೊರಬಂತು. ಅಂದರೆ ಮಗ್ಗ ಕಿವಿಯನ್ನು ಕೆಡಿಸುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಾಗ ಇಲ್ಲಿ ಮಗ್ಗಗಳೇ ಕಡಿಮೆಯಾಗುತ್ತಿದ್ದವು. ನೇಯುವ ಕೆಲಸ ಭಾರತ, ಬಾಂಗ್ಲಾದೇಶ, ಪಾಕಿಸ್ತಾನಗಳಲ್ಲಿ ಬೆಳೆಯಿತು. ಕೆಲಸದ ಜೊತೆಗೆ ಸದ್ದೂ ಬಂತು, ಉತ್ತರ ಮಾತ್ರ ಬರಲಿಲ್ಲ. ಜಗತ್ತಿನ ವಯಸ್ಕರ ಗಂಭೀರ ಶ್ರವಣ ನಷ್ಟದಲ್ಲಿ ಸುಮಾರು ಶೇ. 16ರಷ್ಟು ಕೆಲಸದ ಸದ್ದಿನಿಂದ ಎಂದು 2005ರಲ್ಲಿ ಅಂದಾಜು ಮಾಡಲಾಯಿತು. ಪ್ರದೇಶದಿಂದ ಪ್ರದೇಶಕ್ಕೆ ಅದು ಶೇ. 7ರಿಂದ 21ರವರೆಗೆ ಬದಲಾಗುತ್ತದೆ, ಮತ್ತು ಹೆಚ್ಚಿನ ಹೊರೆ ಅಭಿವೃದ್ಧಿಶೀಲ ದೇಶಗಳ ಮೇಲಿದೆ.

ಶ್ರವಣ ಪರೀಕ್ಷಕಿ

ಎಂಟು ಮಗ್ಗದವರ ಪ್ರಶ್ನೆ ನ್ಯಾಯವಾದದ್ದು, ಅದನ್ನು ನೆಪ ಎಂದು ತಳ್ಳಿಹಾಕಬಾರದು. ಕಿವಿ ಚೆನ್ನಾಗಿರುವ ಹುಡುಗ ಪ್ಲಗ್ ಹಾಕಿಕೊಂಡರೆ ಮಗ್ಗದ ಒಟ್ಟು ಸದ್ದೂ ಲಾಳಿಯ ನಾದವೂ ಒಂದೇ ಪ್ರಮಾಣದಲ್ಲಿ ತಗ್ಗುತ್ತವೆ. ಹತ್ತು ಹದಿನೈದು ದಿನ ಅಭ್ಯಾಸವಾದರೆ ಅವನು ವ್ಯತ್ಯಾಸವನ್ನು ಗುರುತಿಸಬಲ್ಲ. ಆದರೆ ಈಗಾಗಲೇ ಕಿವಿ ಮಂದವಾದವರಿಗೆ ಉಳಿದಿರುವ ಅಷ್ಟಿಷ್ಟು ಸುಳಿವೂ ಪ್ಲಗ್‌ನ ಹಿಂದೆ ಮುಳುಗಿಹೋಗುತ್ತದೆ. ಹಳಬರು ಬೇಡ ಎನ್ನುವುದಕ್ಕೆ ಇದೇ ಕಾರಣ, ಮತ್ತು ಹಳಬರನ್ನು ನೋಡಿ ಹೊಸಬರೂ ಹಾಕುವುದಿಲ್ಲ. ನೀವು ಮೊದಲು ಹಿಡಿಯಬೇಕಾದದ್ದು ನಿಮ್ಮ ಅತ್ಯಂತ ಚಿಕ್ಕ ಕೆಲಸಗಾರನನ್ನು.

ಪ್ಲಗ್ ಹಾಕುವ ವಿಧಾನವನ್ನೂ ಯಾರೂ ಹೇಳಿಕೊಡುವುದಿಲ್ಲ. ಫೋಮ್ ಪ್ಲಗ್ ಆದರೆ ಕೈ ತೊಳೆದು, ಬೆರಳುಗಳ ನಡುವೆ ಬತ್ತಿಯ ಹಾಗೆ ತೆಳ್ಳಗೆ ಹೊಸೆಯಬೇಕು. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ಮೇಲ್ಭಾಗವನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗೆ ತೂರಿಸಬೇಕು. ಅದು ಉಬ್ಬುವವರೆಗೆ ಅರ್ಧ ನಿಮಿಷ ಬೆರಳಿನಿಂದ ಒತ್ತಿ ಹಿಡಿಯಬೇಕು. ಹೊರಗಿನಿಂದ ಅಂಟಿಸಿದ ಹಾಗೆ ಇಟ್ಟುಕೊಂಡರೆ ಡಬ್ಬಿಯ ಮೇಲೆ ಬರೆದ ಅಂಕಿಯ ಕಾಲು ಭಾಗವೂ ಸಿಗದಿರಬಹುದು. ಹತ್ತಿ ತುರುಕಿಕೊಳ್ಳುವುದರಿಂದ ಸಮಾಧಾನ ಬಿಟ್ಟರೆ ಬೇರೇನೂ ಇಲ್ಲ. ಇನ್ನೊಂದು ಲೆಕ್ಕ: 30 ಡೆಸಿಬೆಲ್ ತಗ್ಗಿಸುವ ಉತ್ತಮ ಪ್ಲಗ್ಗನ್ನೇ ಹಾಕಿ, ಪಾಳಿಯ ಅರ್ಧ ಹೊತ್ತು ತೆಗೆದಿಟ್ಟರೆ, ಇಡೀ ದಿನದ ಲೆಕ್ಕದಲ್ಲಿ ಸಿಗುವ ರಕ್ಷಣೆ ಕೇವಲ 3 ಡೆಸಿಬೆಲ್. ತುರಿಸುವ ಪ್ಲಗ್‌ಗಿಂತ, ಕಡಿಮೆ ತಗ್ಗಿಸಿದರೂ ಹನ್ನೆರಡು ಗಂಟೆ ಕಿವಿಯಲ್ಲೇ ಉಳಿಯುವ ಪ್ಲಗ್ ಮೇಲು.

ರಿಪೇರಿ ಅಣ್ಣ

ಎಲ್ಲರೂ ಕಿವಿಯನ್ನು ಮುಚ್ಚುವ ಮಾತಾಡುತ್ತಿದ್ದೀರಿ, ಮಗ್ಗವನ್ನು ಸುಮ್ಮನಾಗಿಸುವ ಮಾತನ್ನು ಯಾರೂ ಎತ್ತಲಿಲ್ಲ. ನಾನು ಇಪ್ಪತ್ತು ವರ್ಷದಿಂದ ಮಗ್ಗ ರಿಪೇರಿ ಮಾಡುತ್ತೇನೆ. ಲಾಳಿ ಮಗ್ಗದ ಸದ್ದಿನ ಬಹುಪಾಲು ಹೊಡೆತದ ಸದ್ದು. ಪಿಕ್ಕಿಂಗ್ ಕೋಲು ಪಿಕ್ಕರನ್ನು ಬಡಿಯುತ್ತದೆ, ಪಿಕ್ಕರ್ ಲಾಳಿಯನ್ನು ಎಸೆಯುತ್ತದೆ, ಆ ಕಡೆಯ ಪೆಟ್ಟಿಗೆಯಲ್ಲಿ ಲಾಳಿ ಬಂದು ಗುದ್ದಿ ನಿಲ್ಲುತ್ತದೆ. ಇದು ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ. ಪಿಕ್ಕರ್ ಸವೆದು ಗುಳಿ ಬಿದ್ದಿದ್ದರೆ, ಪೆಟ್ಟಿಗೆಯ ಕೊನೆಯ ಬಫರ್ ಪಟ್ಟಿ ಗಟ್ಟಿಯಾಗಿದ್ದರೆ, ಹೊಡೆತ ಬೇಕಾದ್ದಕ್ಕಿಂತ ಬಿಗಿಯಾಗಿ ಇಟ್ಟಿದ್ದರೆ ಸದ್ದು ಏರುತ್ತದೆ. ಬಹಳ ಮಂದಿ ಪಿಕ್ಕರ್ ಒಡೆಯುವವರೆಗೆ ಬದಲಿಸುವುದಿಲ್ಲ. ಹಲ್ಲುಗಾಲಿಗಳಿಗೆ ಗ್ರೀಸ್ ಇರುವುದಿಲ್ಲ, ಬೋಲ್ಟುಗಳು ಸಡಿಲವಾಗಿ ಚೌಕಟ್ಟೇ ಗಲಗಲ ಎನ್ನುತ್ತಿರುತ್ತದೆ.

ಮಗ್ಗದ ಕಾಲುಗಳ ಕೆಳಗೆ ದಪ್ಪ ರಬ್ಬರ್ ಪ್ಯಾಡ್ ಹಾಕಿದರೆ ನೆಲದ ಅದುರು ತಗ್ಗುತ್ತದೆ, ಪಕ್ಕದ ಮನೆಯವರ ಜಗಳವೂ ತಗ್ಗುತ್ತದೆ. ತಗಡಿನ ಛಾವಣಿ, ಬರಿಯ ಸಿಮೆಂಟ್ ಗೋಡೆ ಇರುವ ಶೆಡ್ಡಿನಲ್ಲಿ ಸದ್ದಿಗೆ ಹೋಗಲು ಜಾಗವಿಲ್ಲದೆ ತಿರುಗಿ ತಿರುಗಿ ಕಿವಿಗೇ ಬರುತ್ತದೆ. ಆದರೆ ಕೆಲವರು ಮೊಟ್ಟೆಯ ಟ್ರೇ ಅಂಟಿಸುವುದನ್ನು ನೋಡಿದ್ದೇನೆ. ಅದರಿಂದ ಏನೂ ಆಗುವುದಿಲ್ಲ, ಮೇಲಾಗಿ ಹತ್ತಿಯ ಧೂಳು ತುಂಬಿದ ಶೆಡ್ಡಿನಲ್ಲಿ ಬೆಂಕಿಗೆ ಆಹ್ವಾನ ಕೊಟ್ಟಂತೆ.

ಪಾಳಿ ನಂ. 2

ರಿಪೇರಿಯವರ ಮಾತು ಸರಿಯಾದ ಜಾಗಕ್ಕೆ ಬಂದು ನಿಂತಿದೆ. ಸುರಕ್ಷತೆಯ ಪಾಠದಲ್ಲಿ ಮೂಲದಲ್ಲೇ ಸದ್ದು ತಗ್ಗಿಸುವುದು ಮೊದಲನೆಯದು, ಪ್ಲಗ್ ಕೊನೆಯದು. ವ್ಯವಹಾರದಲ್ಲಿ ಪ್ಲಗ್ ಅಗ್ಗವಾದ್ದರಿಂದ ಅದೇ ಮೊದಲಾಗುತ್ತದೆ, ಕಾರ್ಮಿಕ ಅದನ್ನು ಹಾಕಿಕೊಳ್ಳದಿದ್ದರೆ ತಪ್ಪು ಅವನದೇ ಆಗುತ್ತದೆ. ನಾನು ನೌಕರಿಯಲ್ಲಿದ್ದಾಗ ನನ್ನ ಕೈಯಿಂದಲೇ ಇಂಥ ಎಚ್ಚರಿಕೆ ಪತ್ರಗಳು ಹೋಗಿವೆ, ಈಗ ನೆನೆದರೆ ಮುಜುಗರವಾಗುತ್ತದೆ.

ಒಂದು ವಿಷಯ ಮಾತ್ರ ಲೆಕ್ಕ ಹಾಕಿ ನೋಡಿ. ಎಂಟು ಮಗ್ಗಗಳಲ್ಲಿ ಒಂದನ್ನು ನಿಲ್ಲಿಸಿದರೆ ಒಟ್ಟು ಸದ್ದು ಅರ್ಧ ಡೆಸಿಬೆಲ್‌ನಷ್ಟು ಮಾತ್ರ ಇಳಿಯುತ್ತದೆ. ನಾಲ್ಕನ್ನು ನಿಲ್ಲಿಸಿದರೂ ಇಳಿಯುವುದು 3. ಆದ್ದರಿಂದ ಒಂದೆರಡು ಮಗ್ಗ ಸರಿಮಾಡಿ ಅಳೆದು, ಪ್ರಯೋಜನವಿಲ್ಲ ಎಂದು ಕೈಬಿಡಬೇಡಿ. ಎಂಟನ್ನೂ ಸರಿಮಾಡಿದ ಮೇಲೆ ಅಳೆಯಿರಿ.

ಲಾಳಿಕೇರಿ

ಎಲ್ಲರಿಗೂ ಕೃತಜ್ಞತೆಗಳು. ರಜೆಯ ಮರುದಿನ ಅಪ್ಪನಿಗೆ ಪರೀಕ್ಷೆ ಮಾಡಿಸಿದೆವು. ಗಾಜಿನ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ ಕೂರಿಸಿ, ಸದ್ದು ಕೇಳಿದಾಗ ಗುಂಡಿ ಒತ್ತಲು ಹೇಳಿದ್ದರು. ಹೊರಗಿದ್ದ ಸ್ಪೀಕರಿನಲ್ಲಿ ಕೀಚ್ ಎಂಬ ಸದ್ದು ನಮಗೆ ಕೇಳಿಸುತ್ತಿತ್ತು. ಅಪ್ಪ ಒಳಗೆ ಗುಂಡಿಯ ಮೇಲೆ ಬೆರಳಿಟ್ಟುಕೊಂಡು, ಪರೀಕ್ಷೆ ಇನ್ನೂ ಶುರುವಾಗಿಲ್ಲವೇನೋ ಎಂಬಂತೆ ನಮ್ಮ ಮುಖ ನೋಡುತ್ತಿದ್ದರು.

ಅಂಕಿ ಎಂದರೆ ಕೇಳಿಸಲು ಬೇಕಾದ ಕನಿಷ್ಠ ಸದ್ದು, ಅದು ಹೆಚ್ಚಿದಷ್ಟೂ ನಷ್ಟ ಹೆಚ್ಚು. ಎಡಗಿವಿಯಲ್ಲಿ 500 ಹರ್ಟ್ಸ್‌ಗೆ 20 ಡೆಸಿಬೆಲ್, 1,000ಕ್ಕೆ 25, 2,000ಕ್ಕೆ 40, 4,000ಕ್ಕೆ 70, 8,000ಕ್ಕೆ 60. ಬಲಗಿವಿಯೂ ಹೆಚ್ಚುಕಡಿಮೆ ಹೀಗೇ. ಗುಂಡಿ ಇನ್ನೂ ಅಳಿಸಿಲ್ಲ. ಆದರೆ ಮೊದಲ ನಾಲ್ಕರ ಸರಾಸರಿ 39ರ ಹತ್ತಿರ ಬರುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ "ಶ್ರವಣ ಮಂದತೆ" ಎನ್ನಿಸಿಕೊಳ್ಳಲು ಎರಡೂ ಕಿವಿಯಲ್ಲಿ, ಮಾತಿನ ಆವರ್ತನಗಳಲ್ಲಿ 60 ಡೆಸಿಬೆಲ್ ನಷ್ಟ ಬೇಕಂತೆ. ಹಾಲು ಸಾಲವಾಗಿ ಕೇಳಿಸಿದರೂ ಕಾಗದದ ಪ್ರಕಾರ ಅಪ್ಪ ಅಂಗವಿಕಲರಲ್ಲ. ಪರೀಕ್ಷೆ ಮಾಡಿದವರನ್ನು ಕೇಳಿಕೊಂಡು ವರದಿಯಲ್ಲಿ "31 ವರ್ಷ ವಿದ್ಯುತ್ ಮಗ್ಗದ ಸದ್ದಿಗೆ ಒಡ್ಡಿಕೊಂಡವರು" ಎಂದು ಬರೆಸಿಕೊಂಡಿದ್ದೇನೆ. ಶ್ರವಣಯಂತ್ರ ಹಾಕಿ ತೋರಿಸಿದರು. ಮಾತು ಸ್ಪಷ್ಟವಾಯಿತು ಎಂದರು ಅಪ್ಪ, ಆದರೆ ಅದನ್ನು ಹಾಕಿಕೊಂಡು ಶೆಡ್ಡಿಗೆ ಹೋಗಬಾರದು ಎಂದಾಗ, "ಹಾಗಾದರೆ ಯಾವಾಗ ಹಾಕಿಕೊಳ್ಳಲಿ?" ಎಂದು ಕೇಳಿದರು.

ಅವರ ಜೊತೆ ಅದೇ ಶೆಡ್ಡಿನ 22 ವರ್ಷದ ಹುಡುಗನನ್ನೂ ಕರೆದುಕೊಂಡು ಹೋಗಿದ್ದೆವು. ತನಗೆ ಏನೂ ಆಗಿಲ್ಲ ಎಂದು ದಾರಿಯುದ್ದಕ್ಕೂ ನಗುತ್ತಿದ್ದ. ಮಿಕ್ಕೆಲ್ಲ ಕಡೆ 10–15 ಇರುವ ಅವನ ರೇಖೆ 4,000ದಲ್ಲಿ 35ಕ್ಕೆ ಇಳಿದಿದೆ. ಕೆಲಸಕ್ಕೆ ಸೇರಿ ಐದು ವರ್ಷ. ಆ ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡ, ಬರುವಾಗ ದಾರಿಯಲ್ಲಿ ಮಾತಾಡಲಿಲ್ಲ.

ಎಂಟು ಮಗ್ಗ

ಮೂರು ವಾರದ ನಂತರ ಬರೆಯುತ್ತಿದ್ದೇನೆ. ಎಂಟೂ ಮಗ್ಗಗಳ ಪಿಕ್ಕರ್ ಮತ್ತು ಬಫರ್ ಬದಲಿಸಿ, ಕಾಲುಗಳಿಗೆ ರಬ್ಬರ್ ಹಾಕಿಸಿ, ಸಡಿಲವಾದದ್ದೆಲ್ಲ ಬಿಗಿ ಮಾಡಿಸಿದೆ. ಮೊದಲು ಇಲ್ಲೂ ಸರಾಸರಿ 97 ಇತ್ತು, ಈಗ ಅದೇ ಫೋನಿನಲ್ಲಿ ಅದೇ ಜಾಗದಲ್ಲಿ 94 ತೋರಿಸುತ್ತಿದೆ. ಸಾಕಷ್ಟು ಖರ್ಚಾಗಿ ಮೂರೇ ಅಂಕಿ ಇಳಿಯಿತಲ್ಲ ಎಂದು ಮೊದಲು ಬೇಸರವಾಗಿತ್ತು. ಪಾಳಿ ನಂ. 2 ಅವರ ಲೆಕ್ಕ ಹಾಕಿದ ಮೇಲೆ ಸದ್ದಿನ ಶಕ್ತಿ ಅರ್ಧವಾಗಿದೆ ಎಂದು ತಿಳಿಯಿತು. ನಿಯಮದ ಪ್ರಕಾರ ಮೂರು ಗಂಟೆ ಇದ್ದದ್ದು ಈಗ ನಾಲ್ಕೂವರೆ ಗಂಟೆ. ನಮ್ಮ ಪಾಳಿ ಮಾತ್ರ ಇನ್ನೂ ಹನ್ನೆರಡು ಗಂಟೆಯೇ.

ಚಿಕ್ಕ ಹುಡುಗರಿಬ್ಬರು ಪ್ಲಗ್ ಹಾಕಿಕೊಳ್ಳುತ್ತಿದ್ದಾರೆ, ದೊಡ್ಡವರಿಬ್ಬರು ಇಲ್ಲ. ನಾನು ಹಾಕಿಕೊಂಡಿದ್ದೇನೆ. ಮೊದಲ ನಾಲ್ಕು ದಿನ ಎರಡು ಸಲ ನೂಲು ಕಡಿದದ್ದು ಗೊತ್ತಾಗಲಿಲ್ಲ, ಐದನೆಯ ದಿನದಿಂದ ಗೊತ್ತಾಗುತ್ತಿದೆ. ಮುಂದಿನ ರಜೆಯ ಮರುದಿನ ನಾವು ಐವರೂ ಪರೀಕ್ಷೆಗೆ ಹೋಗುತ್ತೇವೆ. ಪಾಳಿಯನ್ನು ಆರಾರು ಗಂಟೆಗೆ ಒಡೆದು ಇನ್ನಿಬ್ಬರನ್ನು ಸೇರಿಸಿಕೊಂಡರೆ ಕೂಲಿಯ ಲೆಕ್ಕ ಹೇಗೆ ಹೊಂದುತ್ತದೆ ಎಂದು ಯಾರಾದರೂ ಮಾಡಿ ನೋಡಿದ್ದರೆ ಬರೆಯಿರಿ. ನಾನು ಹಾಕಿದ ಲೆಕ್ಕದಲ್ಲಿ ಇನ್ನೂ ಹೊಂದುತ್ತಿಲ್ಲ.